ಬಿಚ್ಚಿಕೊಳ್ಳಬಲ್ಲ ಬೆಸುಗೆ: ಸಸ್ಯಮೂಲದ ಉಷ್ಣದೃಢ ಪ್ಲಾಸ್ಟಿಕ್ಕುಗಳು

ಮುದ್ರೆಯ ಅರಗು ಕಾಯಿಸಿದರೆ ಕರಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ, ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ಆವಿಗೆಯಲ್ಲಿ ಬೆಂದ ಮಡಕೆಯಾದರೋ ಮರಳಿ ಮಣ್ಣಿನ ಮುದ್ದೆಯಾಗದು. ಪ್ಲಾಸ್ಟಿಕ್ಕುಗಳಲ್ಲಿಯೂ ಈ ಎರಡು ಕುಲಗಳುಂಟು. ಕೊಡ, ಬಾಟಲಿ, ಚೀಲಗಳು ಅರಗಿನ ಕುಲದವು. ಕುಕ್ಕರಿನ ಹಿಡಿ, ಗಣಕಯಂತ್ರದ ಸರ್ಕ್ಯೂಟ್ ಹಲಗೆ, ಗಾಳಿಯಂತ್ರದ ರೆಕ್ಕೆ ಮೊದಲಾದವು ಮಡಕೆಯ ಕುಲದವು. ಈ ಎರಡನೆಯ ವರ್ಗಕ್ಕೆ ಥರ್ಮೋಸೆಟ್ಟಿಂಗ್ ಪ್ಲಾಸ್ಟಿಕ್ ಎಂದು ಹೆಸರು. ಇಲ್ಲಿ 'ಉಷ್ಣದೃಢ' ಎಂಬ ಪದವನ್ನು ಬಳಸಿದೆ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ರೂಪಿಸಿದ ಬೇಕಲೈಟ್ ಇದರ ಪ್ರಸಿದ್ಧ ಉದಾಹರಣೆ.

ಉದ್ದನೆಯ ಅಣುಸರಪಳಿಗಳ ನಡುವೆ ಅಡ್ಡ ಬೆಸುಗೆಗಳು ಬಿದ್ದು ಇಡೀ ವಸ್ತುವೇ ಒಂದು ಜಾಲವಾಗುವುದು ಇದರ ಗುಟ್ಟು. ಶಾಖವನ್ನು ತಡೆಯುವ ಶಕ್ತಿ ಬರುವುದು ಈ ಬೆಸುಗೆಯಿಂದಲೇ. ಹಳತಾದಾಗ ಹೂಳುವುದೋ ಸುಡುವುದೋ ಗತಿಯಾಗುವುದೂ ಇದರಿಂದಲೇ.

ಸಸ್ಯಮೂಲದ ಕಚ್ಚಾವಸ್ತು ಹೊಸತೇನೂ ಅಲ್ಲ. ಮಂಗಳೂರಿನ ಕಡೆಯ ಗೇರುಬೀಜದ ಕಾರ್ಖಾನೆಗಳನ್ನು ಬಲ್ಲವರಿಗೆ ಕೈ ಸುಡುವ ಗೇರುಸಿಪ್ಪೆಯ ಎಣ್ಣೆ ಗೊತ್ತು. ಅದನ್ನು ಕಾಯಿಸಿ ಪಡೆಯುವ ಕಾರ್ಡನಾಲ್ ಫೀನಾಲಿನ ಬಂಧು. ಅದರ ರಾಳ ವಾಹನಗಳ ಬ್ರೇಕಿನ ಪಟ್ಟಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಆದರೆ ಸಸ್ಯದಿಂದ ಬಂದದ್ದೆಲ್ಲ ಮರುಬಳಕೆಗೆ ಒದಗುತ್ತದೆಂಬ ನಂಬಿಕೆ ಸಡಿಲವಾದುದು. ಬೆಸುಗೆ ಬಿಚ್ಚದಿದ್ದರೆ ಗೇರಿನ ರಾಳವೂ ಬೇಕಲೈಟಿನಷ್ಟೇ ಹಠಮಾರಿ.

ಬೆಸುಗೆಯ ಸ್ವಭಾವವನ್ನೇ ಬದಲಿಸುವ ದಾರಿಯನ್ನು 2011ರಲ್ಲಿ ಪ್ಯಾರಿಸ್ಸಿನ ಲುಡ್ವಿಕ್ ಲೈಬ್ಲರ್ ಮತ್ತು ಸಂಗಡಿಗರು ತೋರಿದರು. ಎಪಾಕ್ಸಿ ರಾಳಕ್ಕೆ ಸಸ್ಯತೈಲಜನ್ಯ ಕೊಬ್ಬಿನ ಆಮ್ಲಗಳನ್ನು ಕೂಡಿಸಿ, ಸತುವಿನ ಲವಣವನ್ನು ವೇಗವರ್ಧಕವಾಗಿ ಬಳಸಿದರು. ಕಾಯಿಸಿದಾಗ ಎಸ್ಟರ್ ಬೆಸುಗೆಗಳು ಪರಸ್ಪರ ಜೊತೆ ಬದಲಿಸಿಕೊಳ್ಳುತ್ತವೆ; ಒಂದು ಕೈ ಬಿಡುವಾಗ ಇನ್ನೊಂದು ಕೈ ಹಿಡಿದಿರುತ್ತದೆ. ಆದ್ದರಿಂದ ಬೆಸುಗೆಗಳ ಸಂಖ್ಯೆ ಕುಂದದೆ, ಜಾಲ ಹರಿಯದೆ, ವಸ್ತು ಗಾಜಿನಂತೆ ಕ್ರಮೇಣ ಮೃದುವಾಗಿ ಹೊಸ ಆಕಾರ ತಾಳುತ್ತದೆ. ಇಂಥವನ್ನು ವಿಟ್ರಿಮರ್ ಎಂದು ಕರೆಯಲಾಯಿತು.

ಎರಡನೆಯ ದಾರಿ ರಾಸಾಯನಿಕವಾಗಿ ಬಿಚ್ಚುವುದು. 2024ರಲ್ಲಿ ಅಮೆರಿಕದ ರಾಷ್ಟ್ರೀಯ ನವೀಕರಣೀಯ ಇಂಧನ ಪ್ರಯೋಗಾಲಯದವರು ಸಸ್ಯಮೂಲಗಳಿಂದ ಪಡೆಯಬಹುದಾದ ರಾಳದಿಂದ 9 ಮೀಟರ್ ಉದ್ದದ ಗಾಳಿಯಂತ್ರದ ರೆಕ್ಕೆಯನ್ನು ಮಾಡಿದರು. ಆ ರಾಳವನ್ನು ಮೆಥನಾಲಿನಲ್ಲಿ 225 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 6 ಗಂಟೆ ಇಟ್ಟರೆ ಅದು ತನ್ನ ಘಟಕಗಳಾಗಿ ಒಡೆಯುತ್ತದೆ, ಗಾಜಿನ ಎಳೆಗಳು ಬೇರೆಯಾಗಿ ದೊರೆಯುತ್ತವೆ.

ತೊಡಕು ಒಂದಿದೆ. ಸುಲಭವಾಗಿ ಜೊತೆ ಬದಲಿಸುವ ಬೆಸುಗೆಯುಳ್ಳ ವಸ್ತು ಸದಾ ಹೊರೆ ಹೊತ್ತಾಗ ಮೆಲ್ಲಮೆಲ್ಲನೆ ಜರುಗಿ ಆಕಾರಗೆಡುತ್ತದೆ. ವರ್ಷಗಟ್ಟಲೆ ಗಾಳಿಗೆ ಒಡ್ಡಿಕೊಳ್ಳುವ ರೆಕ್ಕೆಗೆ ಇದು ಸಲ್ಲದು. ಬಿಸಿಲಿನಲ್ಲಿ ನಿದ್ರಿಸಿ, ಕುಲುಮೆಯಲ್ಲಿ ಮಾತ್ರ ಎಚ್ಚರಗೊಳ್ಳುವ ಬೆಸುಗೆಯನ್ನು, ಅದೂ ಎಪಾಕ್ಸಿಯ ಬೆಲೆಯ ಆಸುಪಾಸಿನಲ್ಲಿ, ರಸಾಯನಜ್ಞರು ಹುಡುಕುತ್ತಿದ್ದಾರೆ.