ಉಪ್ಪಿಲ್ಲದ ಸಮುದ್ರ: ಸರೋವರದ ಬೀಚ್ ಸಮುದ್ರಕ್ಕಿಂತ ಸುರಕ್ಷಿತವೇ?

ಸರೋವರ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ನಿಂತ ನೀರು. ಮಲ್ಪೆಗೋ ಮುರುಡೇಶ್ವರಕ್ಕೋ ಹೋದಾಗ ಮಕ್ಕಳನ್ನು ಕೈಹಿಡಿದು ನಿಲ್ಲಿಸಿಕೊಳ್ಳುವ ನಾವು, ಕೆರೆಯ ದಡದಲ್ಲಿ ಅಲೆಗೆ ಹೆದರುವುದಿಲ್ಲ. ಅಮೆರಿಕದ ಚಿಕಾಗೊ, ಡೆಟ್ರಾಯ್ಟ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಬೇಸಿಗೆಯಲ್ಲಿ ಊರಿನಿಂದ ಅಪ್ಪ-ಅಮ್ಮ ಬಂದಾಗ ನೋಡಲು ಹೋಗುವ ಜಾಗಗಳಲ್ಲಿ ಮಿಷಿಗನ್ ಸರೋವರದ ಬೀಚ್‌ಗಳೂ ಇವೆ. ಬಿಳಿ ಮರಳು, ಕೆಂಪು ದೀಪಸ್ತಂಭ, ಬೆಟ್ಟದಷ್ಟು ಎತ್ತರದ ಮರಳು ದಿಬ್ಬ. ನೀರಿನಲ್ಲಿ ಉಪ್ಪಿಲ್ಲ, ಶಾರ್ಕ್ ಇಲ್ಲ, ಉಬ್ಬರವಿಳಿತವೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಭಯವೇಕೆ?

ಉತ್ತರ ಅಷ್ಟು ಸರಳವಲ್ಲ. ಉತ್ತರ ಅಮೆರಿಕದ ಐದು ಮಹಾ ಸರೋವರಗಳಲ್ಲಿ 2010ರಿಂದೀಚೆಗೆ ಮುಳುಗಿ ಸತ್ತವರ ಸಂಖ್ಯೆ ಸಾವಿರ ದಾಟಿದೆ. ಇದರಲ್ಲಿ ದೊಡ್ಡ ಪಾಲು ಮಿಷಿಗನ್ ಸರೋವರದ್ದು. ಅಲ್ಲಿಗೆ ಹೋಗಲೇಬೇಡಿ ಎಂದು ನಾವು ಹೇಳುತ್ತಿಲ್ಲ. ಆದರೆ ನಾವು ನೋಡಲು ಹೋಗುವ ದೀಪಸ್ತಂಭ, ಮರಳು ದಿಬ್ಬಗಳ ಬಳಿಯೇ ಕೆಲವು ಅಪಾಯಗಳಿವೆ. ಅವು ಹೇಗೆ ಉಂಟಾಗುತ್ತವೆ ಎಂದು ತಿಳಿದರೆ ತಪ್ಪಿಸಿಕೊಳ್ಳುವುದು ಸುಲಭ.

ಇಷ್ಟು ದೊಡ್ಡ ಸರೋವರ, ಇಷ್ಟು ಮರಳು ಎಲ್ಲಿಂದ ಬಂತು?

ಮಿಷಿಗನ್ ಸರೋವರದ ಉದ್ದ ಸುಮಾರು 490 ಕಿಲೋಮೀಟರ್, ಅಗಲ ಹೆಚ್ಚೆಂದರೆ 190 ಕಿಲೋಮೀಟರ್. ಅತಿ ಆಳವಾದ ಕಡೆ 281 ಮೀಟರ್. ಒಂದು ದಡದಲ್ಲಿ ನಿಂತರೆ ಇನ್ನೊಂದು ದಡ ಕಾಣುವುದಿಲ್ಲ.

ಕೊನೆಯ ಹಿಮಯುಗದಲ್ಲಿ ಈ ಭಾಗವನ್ನೆಲ್ಲ ದಪ್ಪನೆಯ ಹಿಮದ ಹಾಸು ಮುಚ್ಚಿತ್ತು. ಅದು ಚಲಿಸುತ್ತಾ ನೆಲವನ್ನು ಕೆರೆದು ಆಳವಾದ ತಗ್ಗುಗಳನ್ನು ಮಾಡಿತು, ಬಂಡೆಗಳನ್ನು ಅರೆದು ಮರಳು, ಜಲ್ಲಿ, ಜೇಡಿಯನ್ನು ಬಿಟ್ಟುಹೋಯಿತು. ಹಿಮ ಕರಗಿ ಹಿಂದೆ ಸರಿದಾಗ ಆ ತಗ್ಗುಗಳಲ್ಲಿ ನೀರು ತುಂಬಿತು. ಮುಂದೆ ಸಾವಿರಾರು ವರ್ಷ ಅಲೆಗಳು ಆ ಮರಳನ್ನು ತೊಳೆದು ದಡಕ್ಕೆ ತಂದವು, ಪಶ್ಚಿಮದಿಂದ ಬೀಸುವ ಗಾಳಿ ಅದನ್ನು ಹೊತ್ತು ಪೂರ್ವ ಮತ್ತು ದಕ್ಷಿಣ ತೀರಗಳಲ್ಲಿ ರಾಶಿ ಹಾಕಿತು. ದೊಡ್ಡ ದಿಬ್ಬಗಳೆಲ್ಲ ಮಿಷಿಗನ್ ಮತ್ತು ಇಂಡಿಯಾನಾ ರಾಜ್ಯಗಳ ಕಡೆಗೇ ಇರುವುದು ಇದರಿಂದಲೇ. ಸ್ಲೀಪಿಂಗ್ ಬೇರ್ ಎಂಬಲ್ಲಿ ದಿಬ್ಬದ ಅಂಚು ನೀರಿನಿಂದ ಸುಮಾರು 137 ಮೀಟರ್ ಎತ್ತರದಲ್ಲಿದೆ.

ದಿಬ್ಬಗಳನ್ನು ಕಟ್ಟಿದ ಇದೇ ಗಾಳಿಯೇ ಅಲೆಗಳನ್ನೂ ಎಬ್ಬಿಸುತ್ತದೆ.

ಉಬ್ಬರವಿಳಿತವಿಲ್ಲದಿದ್ದರೆ ಅಲೆ ಎಲ್ಲಿಂದ?

ಉಬ್ಬರವಿಳಿತ ಆಗುವುದು ಚಂದ್ರ ಮತ್ತು ಸೂರ್ಯರ ಗುರುತ್ವದಿಂದ. ಮಹಾ ಸರೋವರಗಳಲ್ಲಿ ಅದರ ಏರಿಳಿತ 5 ಸೆಂಟಿಮೀಟರ್‌ಗಿಂತ ಕಡಿಮೆ. ಆದರೆ ನಾವು ಬೀಚ್‌ನಲ್ಲಿ ನೋಡುವ ಅಲೆಗಳಿಗೂ ಚಂದ್ರನಿಗೂ ಸಂಬಂಧವಿಲ್ಲ. ಅವು ಗಾಳಿಯ ಕೆಲಸ. ನೂರಾರು ಕಿಲೋಮೀಟರ್ ತೆರೆದ ನೀರಿನ ಮೇಲೆ ಗಾಳಿ ಬೀಸಿದರೆ ಅಲೆ ಎತ್ತರವಾಗುತ್ತಲೇ ಹೋಗುತ್ತದೆ, ನೀರು ಸಿಹಿಯೋ ಉಪ್ಪೋ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಒಂದು ವ್ಯತ್ಯಾಸವಿದೆ. ಸಾಗರದಲ್ಲಿ ದೂರದಿಂದ ಬರುವ ಅಲೆಗಳ ನಡುವೆ ಸುಮಾರು ಹತ್ತು ಸೆಕೆಂಡಿನ ಅಂತರವಿರಬಹುದು. ಇಲ್ಲಿ ಆ ಅಂತರ ನಾಲ್ಕೈದು ಸೆಕೆಂಡು ಮಾತ್ರ. ಒಂದು ಅಲೆ ಹೊಡೆದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತವರೂ ದಣಿದು ಕಾಲು ತಪ್ಪುವುದು ಹೀಗೆ.

ಜೊತೆಗೆ ಸಿಹಿನೀರಿನಲ್ಲಿ ತೇಲುವುದು ಸ್ವಲ್ಪ ಕಷ್ಟ. ಉಪ್ಪಿನಿಂದಾಗಿ ಸಮುದ್ರದ ನೀರು ಸುಮಾರು ಶೇ. 2.5ರಷ್ಟು ಹೆಚ್ಚು ಸಾಂದ್ರ. 60 ಕಿಲೋ ತೂಕದ ವ್ಯಕ್ತಿಗೆ ಸಮುದ್ರದಲ್ಲಿ ಸಿಗುವುದಕ್ಕಿಂತ ಇಲ್ಲಿ ಸುಮಾರು ಒಂದೂವರೆ ಕಿಲೋದಷ್ಟು ಆಸರೆ ಕಡಿಮೆ. ಸುಮ್ಮನೆ ಈಜುವಾಗ ಇದು ಗೊತ್ತಾಗುವುದಿಲ್ಲ, ಸುಸ್ತಾದಾಗ ಗೊತ್ತಾಗುತ್ತದೆ.

ದೀಪಸ್ತಂಭದ ಪಕ್ಕದಲ್ಲಿ ಏಕೆ ಈಜಬಾರದು?

ಸರೋವರಕ್ಕೆ ದೀಪಸ್ತಂಭವೇಕೆ ಎಂದು ಕೇಳುವವರಿದ್ದಾರೆ. ಮರ, ಧಾನ್ಯ, ಅದಿರು ಹೊತ್ತ ಹಡಗುಗಳಿಗೆ ಈ ಸರೋವರಗಳೇ ಹೆದ್ದಾರಿಯಾಗಿದ್ದವು. ಇಂದಿಗೂ ಇಲ್ಲಿ ಸರಕು ಹಡಗುಗಳು ಓಡಾಡುತ್ತವೆ. ಮಿಷಿಗನ್ ರಾಜ್ಯವೊಂದರಲ್ಲೇ ನೂರಕ್ಕೂ ಹೆಚ್ಚು ದೀಪಸ್ತಂಭಗಳಿವೆ. ಗ್ರ್ಯಾಂಡ್ ಹೇವನ್, ಸೌತ್ ಹೇವನ್‌ನಂಥ ಊರುಗಳಲ್ಲಿ ನದಿ ಸರೋವರ ಸೇರುವ ಜಾಗವೇ ಬಂದರು. ಅಲ್ಲಿ ನೀರಿನೊಳಕ್ಕೆ ಉದ್ದಕ್ಕೆ ಚಾಚಿದ ಕಾಂಕ್ರೀಟ್ ಕಟ್ಟೆ ಇರುತ್ತದೆ. ಅದನ್ನು ಪಿಯರ್ ಎನ್ನುತ್ತಾರೆ. ದೀಪಸ್ತಂಭ ನಿಂತಿರುವುದು ಅದರ ಮೇಲೆ. ಪಕ್ಕದಲ್ಲೇ ಬೀಚ್.

ಅಲೆಗಳು ದಡಕ್ಕೆ ಓರೆಯಾಗಿ ಬಡಿದಾಗ ನೀರು ದಡದ ಉದ್ದಕ್ಕೂ ಹರಿಯತೊಡಗುತ್ತದೆ. ಆ ಹರಿವಿಗೆ ಪಿಯರ್ ಗೋಡೆಯಂತೆ ಅಡ್ಡ ಬರುತ್ತದೆ. ಮುಂದೆ ಹೋಗಲು ದಾರಿಯಿಲ್ಲದ ನೀರು ತಿರುಗಿ, ಕಟ್ಟೆಯ ಪಕ್ಕದಲ್ಲೇ ಸರೋವರದ ಒಳಕ್ಕೆ ಹರಿಯುತ್ತದೆ. ಈಜುತ್ತಿದ್ದವರನ್ನೂ ಅದು ಒಯ್ಯುತ್ತದೆ. ಕಟ್ಟೆಗೆ ಬಡಿದು ವಾಪಸು ಬರುವ ಅಲೆಗಳು ಬೇರೆ ಸೇರಿ ನೀರು ಎರಡು ಕಡೆಯಿಂದ ಕದಡುತ್ತದೆ. ಕಟ್ಟೆ ಪಕ್ಕದಲ್ಲೇ ಇದ್ದರೂ ಅದರ ಗೋಡೆ ನೇರವಾಗಿರುವುದರಿಂದ, ಏಣಿ ಇರುವ ಕಡೆ ಬಿಟ್ಟು ಬೇರೆಲ್ಲೂ ಹತ್ತಲಾಗುವುದಿಲ್ಲ.

ಕಟ್ಟೆಯ ಮೇಲೆ ನಡೆಯುವುದೂ ಹೀಗೆಯೇ. ಶಾಂತ ದಿನದಲ್ಲಿ ದೀಪಸ್ತಂಭದವರೆಗೆ ಹೋಗಿಬರುವುದು ಚೆಂದದ ಅನುಭವ. ಅಲೆ ಕಟ್ಟೆಯ ಮೇಲೆ ಹಾಯುತ್ತಿದ್ದರೆ ಮಾತ್ರ ಅಲ್ಲಿಗೆ ಕಾಲಿಡಬೇಡಿ. ಒಂದೇ ಅಲೆ ದೊಡ್ಡವರನ್ನೂ ನೀರಿಗೆ ಕೆಡವಬಲ್ಲದು.

ಆಕಾಶ ಶುಭ್ರವಾಗಿದ್ದರೆ ಸಾಕೇ?

ಸಾಲದು. ಗುಡುಗು ಮಳೆಯ ಸಾಲು ಸರೋವರವನ್ನು ದಾಟುವಾಗ ಗಾಳಿಯ ಒತ್ತಡ ಥಟ್ಟನೆ ಬದಲಾಗುತ್ತದೆ. ಅದು ನೀರನ್ನು ಒಂದೇ ದಿಕ್ಕಿಗೆ ತಳ್ಳಿ ದೊಡ್ಡ ಅಲೆ ಎಬ್ಬಿಸಬಹುದು. ಆ ಅಲೆ ಎದುರು ದಡಕ್ಕೆ ಬಡಿದು ಹಿಂದಿರುಗುವ ಹೊತ್ತಿಗೆ ಮಳೆ ನಿಂತು ಬಿಸಿಲು ಬಂದಿರುತ್ತದೆ. 1954ರ ಜೂನ್ 26ರಂದು ಚಿಕಾಗೊ ದಡದಲ್ಲಿ ಹೀಗೆ ಬಂದ ಅಲೆಗೆ ಎಂಟು ಮಂದಿ ಬಲಿಯಾದರು. 2003ರ ಜುಲೈ 4ರಂದು ಸರೋವರದ ಆಗ್ನೇಯ ದಡದಲ್ಲಿ, ಬಿರುಗಾಳಿ ಹಾದುಹೋಗಿ ವಾತಾವರಣ ತಿಳಿಯಾದ ಮೇಲೆ, ಏಳು ಮಂದಿ ಸೆಳೆತಕ್ಕೆ ಸಿಕ್ಕಿ ಮುಳುಗಿದರು. ಅದಕ್ಕೂ ಇಂಥದೇ ಅಲೆ ಕಾರಣ ಎಂದು ಮುಂದೆ ನಡೆದ ಅಧ್ಯಯನ ತೋರಿಸಿತು.

ನೀರಿನ ಬಿಸಿಯೂ ಹೀಗೆ ಮೋಸ ಮಾಡುತ್ತದೆ. ಬೇಸಿಗೆಯಲ್ಲಿ ಬಿಸಿಯಾಗುವುದು ಮೇಲಿನ ಪದರ ಮಾತ್ರ. ಗಾಳಿ ಅದನ್ನು ದಡದಿಂದಾಚೆ ತಳ್ಳಿದರೆ ತಳದ ತಣ್ಣೀರು ಮೇಲೆ ಬರುತ್ತದೆ. ನಿನ್ನೆ ಹಿತವಾಗಿದ್ದ ನೀರು ಇಂದು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿದಿರಬಹುದು. ತಣ್ಣೀರಿಗೆ ಥಟ್ಟನೆ ಬಿದ್ದಾಗ ಉಸಿರು ಏದುಸಿರಾಗುತ್ತದೆ, ಆಗ ನೀರು ಕುಡಿಯುವ ಸಾಧ್ಯತೆ ಹೆಚ್ಚು. ಆದ್ದರಿಂದ ಒಮ್ಮೆಲೇ ಧುಮುಕದೆ, ಮೊದಲು ಕಾಲು ಇಳಿಸಿ ನೋಡಿ.

ಮರಳು ದಿಬ್ಬದಲ್ಲಿ ಏನು ಅಪಾಯ?

ಇಂಡಿಯಾನಾ ಡ್ಯೂನ್ಸ್ ರಾಷ್ಟ್ರೀಯ ಉದ್ಯಾನದ ಮೌಂಟ್ ಬಾಲ್ಡಿ ಸುಮಾರು 38 ಮೀಟರ್ ಎತ್ತರದ, ಚಲಿಸುವ ದಿಬ್ಬ. 2013ರ ಜುಲೈನಲ್ಲಿ ಅದರ ಮೇಲೆ ನಡೆಯುತ್ತಿದ್ದ ಆರು ವರ್ಷದ ಬಾಲಕನೊಬ್ಬ ಇದ್ದಕ್ಕಿದ್ದಂತೆ ಮರಳಿನೊಳಗೆ ಕುಸಿದ. ಮೂರು ಗಂಟೆಗೂ ಹೆಚ್ಚು ಹೊತ್ತು ಅಗೆದು, ಮೂರು ಮೀಟರ್‌ಗೂ ಹೆಚ್ಚು ಆಳದಿಂದ ಅವನನ್ನು ಜೀವಂತವಾಗಿ ಹೊರತೆಗೆದರು.

ಗಟ್ಟಿ ದಿಬ್ಬದಲ್ಲಿ ಗುಂಡಿ ಬಂದದ್ದು ಹೇಗೆ? ಗಾಳಿಗೆ ಒಳನಾಡಿನ ಕಡೆ ಸರಿಯುತ್ತಿದ್ದ ದಿಬ್ಬ ದಾರಿಯಲ್ಲಿದ್ದ ಓಕ್ ಮರಗಳನ್ನು ನಿಂತಂತೆಯೇ ಹೂತುಹಾಕಿತ್ತು. ಒಳಗೆ ಶಿಲೀಂಧ್ರಗಳು ಮರವನ್ನು ಕೊಳೆಸಿದವು. ಸುತ್ತಲಿನ ಮರಳು ಅಂಟಿಕೊಂಡು ಗಟ್ಟಿಯಾದ್ದರಿಂದ ಮರ ಹೋದರೂ ಅದರ ಆಕಾರದ ಪೊಳ್ಳು ಉಳಿಯಿತು. ಮೇಲೆ ತೆಳುವಾದ ಮರಳಿನ ಪದರ ಮಾತ್ರ. ಇಂದಿಗೂ ರೇಂಜರ್ ಜೊತೆಯಿಲ್ಲದೆ ಆ ದಿಬ್ಬವನ್ನು ಹತ್ತುವಂತಿಲ್ಲ.

ಇಲ್ಲೂ ಬಂದರಿನ ಕಟ್ಟೆಯ ಪಾತ್ರವಿದೆ. ಪಕ್ಕದ ಮಿಷಿಗನ್ ಸಿಟಿಯ ದೀಪಸ್ತಂಭ ಇರುವ ಬಂದರಿನ ಕಟ್ಟೆಗಳು ದಡದ ಉದ್ದಕ್ಕೂ ಸಾಗುವ ಮರಳನ್ನು ತಡೆಯುತ್ತವೆ. ಹೀಗಾಗಿ ಮೌಂಟ್ ಬಾಲ್ಡಿಯ ಬುಡಕ್ಕೆ ಹೊಸ ಮರಳು ಬರುವುದು ಕಡಿಮೆಯಾಗಿದೆ. ಜನರ ತುಳಿತಕ್ಕೆ ಮರಳನ್ನು ಹಿಡಿದಿಡುವ ಹುಲ್ಲೂ ನಾಶವಾಗಿದೆ. ‘ಹುಲ್ಲಿನ ಮೇಲೆ ನಡೆಯಬೇಡಿ’ ಎಂಬ ಫಲಕ ಅಂದಕ್ಕಾಗಿ ಹಾಕಿದ್ದಲ್ಲ.

ಸ್ಲೀಪಿಂಗ್ ಬೇರ್‌ನಂಥ ಎತ್ತರದ ಕಡೆ ಇನ್ನೊಂದು ತೊಂದರೆ. ಕಡಿದಾದ ಮರಳಿನಲ್ಲಿ ನೀರಿನವರೆಗೆ ಇಳಿಯಲು ಕೆಲವೇ ನಿಮಿಷ ಸಾಕು. ಹತ್ತುವಾಗ ಮಾತ್ರ ಪ್ರತಿ ಹೆಜ್ಜೆಗೂ ಮರಳು ಜಾರಿ, ಒಂದೆರಡು ಗಂಟೆ ಬೇಕಾಗಬಹುದು. ಹೃದಯದ ತೊಂದರೆ, ಮಂಡಿನೋವು ಇರುವ ಹಿರಿಯರು ಮೇಲಿನಿಂದಲೇ ನೋಡಿ ಆನಂದಿಸುವುದು ಒಳ್ಳೆಯದು.

ಕೆಲವು ತಪ್ಪು ನಂಬಿಕೆಗಳು

ನಂಬಿಕೆ: ಸೆಳೆತ ನಮ್ಮನ್ನು ನೀರಿನ ತಳಕ್ಕೆ ಎಳೆಯುತ್ತದೆ.
ವಾಸ್ತವ: ಇಲ್ಲ, ಅದು ದಡದಿಂದ ದೂರಕ್ಕೆ ಒಯ್ಯುತ್ತದೆ. ಅದರ ವಿರುದ್ಧ ಈಜಿ ದಣಿಯುವುದರಿಂದ ಮುಳುಗುತ್ತೇವೆ.

ನಂಬಿಕೆ: ಸಿಹಿನೀರಾದ್ದರಿಂದ ಕುಡಿಯಬಹುದು.
ವಾಸ್ತವ: ಚಿಕಾಗೊ ನಗರ ಕುಡಿಯುವುದು ಇದೇ ಸರೋವರದ ನೀರನ್ನು, ಆದರೆ ಶುದ್ಧೀಕರಿಸಿ. ಜೋರು ಮಳೆಯ ನಂತರ ದಡದ ನೀರಿಗೆ ಕೊಳಕು ಸೇರುತ್ತದೆ. ಇ. ಕೋಲಿ ಬ್ಯಾಕ್ಟೀರಿಯಾ ಹೆಚ್ಚಾದರೆ ಬೀಚ್ ಮುಚ್ಚುವುದೂ ಉಂಟು.

ನಂಬಿಕೆ: ಗಾಳಿ ತುಂಬಿದ ಟ್ಯೂಬ್ ಇದ್ದರೆ ಮಕ್ಕಳಿಗೆ ಭಯವಿಲ್ಲ.
ವಾಸ್ತವ: ದಡದಿಂದ ನೀರಿನ ಕಡೆಗೆ ಗಾಳಿ ಬೀಸುವಾಗ ಟ್ಯೂಬ್ ಮಗುವಿನ ಸಮೇತ ದೂರ ಹೋಗಿಬಿಡುತ್ತದೆ. ಮೈಗೆ ಸರಿಯಾಗಿ ಕೂರುವ ಲೈಫ್ ಜಾಕೆಟ್ ಹಾಕಿಸಿ.

ನಂಬಿಕೆ: ಸರ್ಕಾರಿ ಬೀಚ್ ಎಂದ ಮೇಲೆ ಕಾಯುವವರು ಇದ್ದೇ ಇರುತ್ತಾರೆ.
ವಾಸ್ತವ: ಮಿಷಿಗನ್ ರಾಜ್ಯದ ಸ್ಟೇಟ್ ಪಾರ್ಕ್ ಬೀಚ್‌ಗಳಲ್ಲಿ ಸಾಮಾನ್ಯವಾಗಿ ಲೈಫ್‌ಗಾರ್ಡ್ ಇರುವುದಿಲ್ಲ. ಅಲ್ಲಿ ಬಾವುಟ ನೋಡಿ: ಹಸಿರು ಇದ್ದರೆ ಅಪಾಯ ಕಡಿಮೆ, ಹಳದಿಗೆ ಎಚ್ಚರ, ಕೆಂಪು ಇದ್ದರೆ ನೀರಿಗಿಳಿಯಬೇಡಿ, ಎರಡು ಕೆಂಪು ಬಾವುಟ ಇದ್ದರೆ ಇಳಿಯುವುದಕ್ಕೆ ನಿಷೇಧ.

ಸೆಳೆತಕ್ಕೆ ಸಿಕ್ಕರೆ ಏನು ಮಾಡಬೇಕು?

ಮೊದಲು ಬೆನ್ನ ಮೇಲೆ ತಿರುಗಿ ಮಲಗಿ. ಕೈಕಾಲು ಬಡಿಯದೆ ತೇಲುತ್ತಾ ಉಸಿರನ್ನು ಹತೋಟಿಗೆ ತನ್ನಿ. ನೀರು ಯಾವ ಕಡೆ ಒಯ್ಯುತ್ತಿದೆ ಎಂದು ಗಮನಿಸಿ, ಅದರಿಂದ ಪಕ್ಕಕ್ಕೆ ಸರಿದು ನಂತರ ದಡದತ್ತ ಬನ್ನಿ. ಪಿಯರ್ ಬಳಿಯಾದರೆ ಅದರಿಂದ ದೂರ ಸರಿಯಲು ನೋಡಿ. ಆಗದಿದ್ದರೆ ತೇಲುತ್ತಲೇ ಕೂಗಿ ಕರೆಯಿರಿ, ಏಣಿ ಸಿಕ್ಕರೆ ಹಿಡಿಯಿರಿ.

ಬೇರೆಯವರು ಮುಳುಗುತ್ತಿದ್ದರೆ ಬರಿಗೈಯಲ್ಲಿ ಹಾರಬೇಡಿ. ಕಾಪಾಡಲು ಹೋದವರೇ ಸತ್ತ ಘಟನೆಗಳು ಬಹಳ. 911ಕ್ಕೆ ಕರೆ ಮಾಡಿ, ತೇಲುವಂಥದ್ದನ್ನು ಎಸೆಯಿರಿ. ಹಲವು ಕಟ್ಟೆಗಳ ಮೇಲೆ ಇದಕ್ಕಾಗಿಯೇ ಲೈಫ್ ರಿಂಗ್ ತೂಗುಹಾಕಿರುತ್ತಾರೆ. ಅದು ಎಲ್ಲಿದೆ ಎಂದು ಬೀಚ್‌ಗೆ ಹೋದ ಕೂಡಲೇ ನೋಡಿಟ್ಟುಕೊಳ್ಳಿ. ಜೊತೆಗೆ ಬಂದ ಹಿರಿಯರಿಗೂ ಮಕ್ಕಳಿಗೂ ಇಷ್ಟನ್ನು ನೀರಿಗಿಳಿಯುವ ಮೊದಲೇ, ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ. ಫಲಕಗಳೆಲ್ಲ ಇಂಗ್ಲಿಷ್‌ನಲ್ಲೇ ಇರುತ್ತವೆ.