ಕೂಸು ಹೋದ ಮನ್ಯಾಗ

ಕಲಘಟಗಿ ತೊಟ್ಟಿಲ ನೋಡೀರಲ್ರಿ? ಸಾಗವಾನಿ ಕಟ್ಟಿಗಿ, ಅರಗಿನ ಹೊಳಪು, ಸುತ್ತಲೂ ಬಾಲಕೃಷ್ಣನ ಚಿತ್ರ. ಕೂಸು ತೀರಿದ ಮನ್ಯಾಗ ಅಂಥಾ ತೊಟ್ಟಿಲ ಅಟ್ಟ ಏರ್ತದ. ಕೂಸಿನ ಹೆಸರು ಎತ್ತೂದೂ ನಿಂತುಬಿಡ್ತದ. ತಾಯಿ ಒಳಗೊಳಗ ಸವೀತಾಳ.

ಧಾರವಾಡದ ಕವಿ ಬೇಂದ್ರೆ ಅಜ್ಜಾರು, ಅವರ ಹೆಂಡತಿ ಲಕ್ಷ್ಮೀಬಾಯಿಯವರೂ ಈ ದುಃಖ ಉಂಡವರು, ಒಂಬತ್ತು ಮಕ್ಕಳೊಳಗ ಆರು ಮಕ್ಕಳನ್ನ ಕಳಕೊಂಡವರು. ಕೂಸು ಹೋದಾಗ ಹೆಂಡತಿ ನೋಡಿದ ನೋಟ ತಾಳಲಾರದ ಅಜ್ಜಾರು ಬರದ ಕವಿತಾ ‘ನೀ ಹೀಂಗ ನೋಡಬ್ಯಾಡ ನನ್ನ’. ಅದರಾಗ ಉಪದೇಶ ಇಲ್ಲ. ಗಂಡಸಿನ ಕರುಳೂ ಕಿತ್ತು ಬರ್ತದ ಅನ್ನೂದನ್ನ ಮುಚ್ಚಿಡದ ಹೇಳ್ಯಾರ. ನನಗ ಭಾಳ ದೊಡ್ಡದು ಅನಸೂದು ಇದ.

ನಿಮ್ಮ ಓಣ್ಯಾಗ ಇಂಥಾ ದುಃಖ ಆಗಿದ್ರ, ‘ಮರತಬಿಡವಾ, ಇನ್ನೊಂದು ಆಗ್ತದ’ ಅನಬ್ಯಾಡ್ರಿ. ಕೂಸಿನ ಹೆಸರು ಹಿಡದ ಮಾತಾಡ್ರಿ. ಅದು ಹೆಂಗ ನಗತಿತ್ತು ಅಂತ ಆಕಿ ಹೇಳಿದ್ರ ಕುಂತು ಕೇಳ್ರಿ. ಹೊಲಕ್ಕ ಹೊಂಟ ಅಪ್ಪನ್ನೂ ನಿಲ್ಲಿಸಿ, ‘ನಿನಗ ಹೆಂಗದಪಾ?’ ಅಂತ ಕೇಳ್ರಿ.

ಅವರು ಊಟ ನಿದ್ದಿ ಬಿಟ್ಟು, ಬದುಕೂದ ಬ್ಯಾಡ ಅಂದ್ರ ತಡ ಮಾಡಬ್ಯಾಡ್ರಿ. 14416ಕ್ಕ ಫೋನ್ ಹಚ್ಚರಿ; ಅದು ಟೆಲಿ ಮಾನಸ್, ಮನಸ್ಸಿನ ದುಃಖಕ್ಕ ಸಹಾಯವಾಣಿ. ಪುಕ್ಕಟೆ, ಹಗಲು ರಾತ್ರಿ, ಕನ್ನಡದಾಗ ಮಾತಾಡ್ತಾರ. ಎದುರಿಗೆ ಕುಂತು ಮಾತಾಡಬೇಕಂದ್ರ ಧಾರವಾಡದಾಗ ಡಿಮ್ಹಾನ್ಸ್ ಅನ್ನೂ ಮಾನಸಿಕ ಆಸ್ಪತ್ರಿ ಅದ. ಜೋಡಿ ನೀವೂ ಹೋಗ್ರಿ.