ಗುಡುಗಿಗೆ ಹೆದರುವ ಬೆಕ್ಕಿಗೊಂದು ಮೂಲೆ

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಬೆಕ್ಕಿಗೂ ಪ್ರಾಣಸಂಕಟದ ದಿನಗಳುಂಟು. ಬೇಸಗೆಯ ಕೊನೆಗೆ ಭರಣಿ, ಕೃತ್ತಿಕೆಯ ಮಳೆಯಲ್ಲಿ ಒಮ್ಮೆ, ಚಿತ್ತಾ, ಸ್ವಾತಿಯ ತುಲಾಮಳೆಯಲ್ಲಿ ಇನ್ನೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ನಮ್ಮ ಕಾಸರಗೋಡಿನ ಸೀಮೆಗೆ ಗುಡುಗಿನ ಕಾಲ ಬರುತ್ತದೆ. ಜೂನ್ ತಿಂಗಳಲ್ಲಿ ಹಿಡಿಯುವ ಮಳೆಗೆ ಅಬ್ಬರ ಹೆಚ್ಚು, ಗುಡುಗು ಕಡಿಮೆ. ಈ ಎರಡು ಕಾಲದ ಮಳೆ ಹಾಗಲ್ಲ. ಮಧ್ಯಾಹ್ನದವರೆಗೆ ಬೆವರಿಳಿಸುವ ಬಿಸಿಲು, ಮೂರು ಗಂಟೆಗೆ ಘಟ್ಟದ ಕಡೆಯಿಂದ ಕಪ್ಪು ಮೋಡ, ಸಂಜೆಯಾಗುವಾಗ ಹಂಚು ಅದುರುವಂತಹ ಸಿಡಿಲು.

ಆ ಹೊತ್ತಿಗೆ ಮನೆಯ ಬೆಕ್ಕು ಎಲ್ಲಿರುತ್ತದೆ ಎಂದು ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ? ಅಂಗಳದ ಅಡಿಕೆ ಒಳಗೆ ಹಾಕುವ, ಒಣಗಿದ ಬಟ್ಟೆ ಬಾಚುವ, ಟಿ.ವಿ.ಯ ಪ್ಲಗ್ಗು ಕೀಳುವ ಗಡಿಬಿಡಿಯಲ್ಲಿ ಅದು ಯಾರ ಕಣ್ಣಿಗೂ ಬೀಳದು.

ನಾವೂ ತಪ್ಪು ಮಾಡಿದವರೇ. ತುಲಾಮಳೆಯ ಒಂದು ಸಂಜೆ ನಮ್ಮ ಮನೆಯ ಬೊಳ್ಳಿ ಅಕ್ಕಿಪೆಟ್ಟಿಗೆಯ ಹಿಂದೆ ಹೊಕ್ಕು ನಡುಗುತ್ತಿತ್ತು. ಪಾಪ, ಎತ್ತಿಕೊಂಡು ಸಮಾಧಾನ ಮಾಡೋಣವೆಂದು ಎಳೆದೆವು. ಅಷ್ಟರಲ್ಲಿ ಮತ್ತೊಂದು ಸಿಡಿಲು. ಬೊಳ್ಳಿ ನಮ್ಮ ಕೈಗೆ ನಾಲ್ಕು ಗೀರು ಹಾಕಿ, ತೆರೆದಿದ್ದ ಹಿಂಬಾಗಿಲಿನಿಂದ ಮಳೆಗೆ ಹಾರಿತು. ಎರಡು ರಾತ್ರಿ ಪತ್ತೆಯಿಲ್ಲ. ಮಕ್ಕಳಿಗೆ ಊಟ ಸೇರಲಿಲ್ಲ. ನಮ್ಮ ತೋಟದ ಕೆರೆಗೆ ಕಟ್ಟೆಯಿಲ್ಲ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಒಬ್ಬೊಬ್ಬರಾಗಿ ಎಲ್ಲರೂ ಅಲ್ಲಿಗೆ ಹೋಗಿ ಇಣುಕಿ ಬಂದೆವು.

ಮೂರನೆಯ ಬೆಳಿಗ್ಗೆ ನೆರೆಮನೆಯ ಉಮ್ಮ ಬೇಲಿಯಾಚೆಯಿಂದ ಕರೆದರು. ಬೊಳ್ಳಿ ಅವರ ಸೌದೆಕೊಟ್ಟಿಗೆಯಲ್ಲಿ ಗೋಣಿಯ ಅಡಿಗೆ ಅವಿತುಕೊಂಡಿತ್ತಂತೆ. “ಮುಟ್ಟಲಿಕ್ಕೆ ಹೋಗಲಿಲ್ಲ. ಹತ್ತಿರ ಎರಡು ಮತ್ತಿಮೀನು ಇಟ್ಟು ಬಂದೆ. ಹೆದರಿಕೆ ಇಳಿದ ಮೇಲೆ ತಾನಾಗಿಯೇ ಹೊರಗೆ ಬಂತು” ಎಂದು ಅವರು ಮಲಯಾಳದಲ್ಲಿ ಹೇಳಿದರು. ಅವರಿಗೆ ಅದು ಪೂಚ್ಚ, ನಮ್ಮ ಅಜ್ಜಿಗೆ ಪುಚ್ಚೆ, ಮಕ್ಕಳ ಪಾಠಪುಸ್ತಕದಲ್ಲಿ ಬೆಕ್ಕು. ಹೆಸರು ಯಾವುದಾದರೂ ಅದರ ಹೆದರಿಕೆಗೆ ಬೇಕಾದ ಮದ್ದನ್ನು ಉಮ್ಮ ನಮಗಿಂತ ಮೊದಲೇ ತಿಳಿದಿದ್ದರು: ಅವಿತ ಬೆಕ್ಕನ್ನು ಅವಿತಿರಲು ಬಿಡಬೇಕು.

ಹೆದರಿಕೆ ಏಕೆ?

ಮಿಂಚು ಹಾಯುವ ದಾರಿಯ ಗಾಳಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯುತ್ತದೆ. ಆ ಗಾಳಿ ಒಮ್ಮೆಲೇ ಹಿಗ್ಗಿದಾಗ ಆಗುವ ಸ್ಫೋಟವೇ ಗುಡುಗು. ಇದು ನಮಗೆ ಗೊತ್ತಿದೆ, ಬೆಕ್ಕಿಗೆ ಗೊತ್ತಿಲ್ಲ. ಅದರ ಕಿವಿಯಾದರೋ ಬಹು ಸೂಕ್ಷ್ಮ. ಮನುಷ್ಯನಿಗೆ ಸೆಕೆಂಡಿಗೆ 20,000 ಕಂಪನಗಳವರೆಗಿನ ಸದ್ದು ಕೇಳಿದರೆ ಬೆಕ್ಕಿಗೆ 60,000ಕ್ಕೂ ಮೇಲಿನದು ಕೇಳುತ್ತದೆ. ಹುಲ್ಲಿನೊಳಗೆ ಇಲಿ ಕೀಚಿದ್ದನ್ನೂ ಹಿಡಿಯುವ ಕಿವಿಯ ಪಕ್ಕದಲ್ಲೇ ಸಿಡಿಲು ಬಡಿದಂತಾದರೆ ಏನಾದೀತು?

ಬೆಕ್ಕು ಇಲಿಗೆ ಹುಲಿಯಾದರೂ ದೊಡ್ಡ ಪ್ರಾಣಿಗಳ ಬಾಯಿಗೆ ತುತ್ತು. ಆದುದರಿಂದ ಅಪಾಯವೆಂದು ಕಂಡಾಗ ಅವಿತುಕೊಳ್ಳುವುದು ಅದರ ಹುಟ್ಟುಗುಣ. 2014ರಲ್ಲಿ ನೆದರ್‌ಲ್ಯಾಂಡ್ಸ್ ದೇಶದ ಸಂಶೋಧಕರು ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ಪ್ರಾಣಿಗಳ ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅವಿತುಕೊಳ್ಳಲು ಪೆಟ್ಟಿಗೆ ಕೊಟ್ಟರು, ಉಳಿದವಕ್ಕೆ ಕೊಡಲಿಲ್ಲ. ಪೆಟ್ಟಿಗೆ ಸಿಕ್ಕಿದ ಬೆಕ್ಕುಗಳು ಬೇಗನೆ ಚೇತರಿಸಿಕೊಂಡವು.

ನಮ್ಮ ಹಳೆಯ ಮನೆಗಳಲ್ಲಿ ಇಂತಹ ಪೆಟ್ಟಿಗೆ ಬೇಕಿರಲಿಲ್ಲ. ಅಟ್ಟವಿತ್ತು, ಪತ್ತಾಯವಿತ್ತು, ಹಟ್ಟಿಯಲ್ಲಿ ಬೈಹುಲ್ಲು ಇತ್ತು, ಬಚ್ಚಲೊಲೆಯ ಹಿಂದೆ ಬೆಚ್ಚಗಿನ ಸಂದು ಇತ್ತು. ಈಗಿನ ಕಾಂಕ್ರೀಟು ಮನೆಯಲ್ಲಿ ನೆಲ ನುಣುಪು, ಕಪಾಟುಗಳಿಗೆಲ್ಲ ಬಾಗಿಲು. ಬೆಕ್ಕು ಹೋಗಬೇಕಾದದ್ದು ಎಲ್ಲಿಗೆ? ಮನೆ ಕಟ್ಟುವಾಗ ನಾವು ಮರೆತ ಮೂಲೆಯನ್ನು ನಾವೇ ಮಾಡಿಕೊಡಬೇಕು.

ಮಾಡಬೇಕಾದದ್ದೇನು?

ಹಣ್ಣಿನ ಮರದಪೆಟ್ಟಿಗೆಯೋ ದೊಡ್ಡ ರಟ್ಟಿನ ಪೆಟ್ಟಿಗೆಯೋ ಸಾಕು. ಕಿಟಕಿಯಿಲ್ಲದ ಒಳಕೋಣೆಯಲ್ಲಿ, ಮಂಚದ ಅಡಿಗೆ ಅದನ್ನು ಒರಗಿಸಿಡಿ. ಮನೆಯವರು ಉಟ್ಟು ಹಳೆಯದಾದ ಸೀರೆಯನ್ನೋ ಮುಂಡನ್ನೋ ತೊಳೆಯದೆ ಒಳಗೆ ಹಾಸಿ, ಪರಿಚಯದ ವಾಸನೆ ಇರಲಿ. ಗುಡುಗಿನ ದಿನ ಹೊಸದಾಗಿ ತಂದಿಟ್ಟರೆ ಬೆಕ್ಕು ಅದರತ್ತ ತಿರುಗಿಯೂ ನೋಡದು. ತಿಂಗಳ ಮೊದಲೇ ಇಟ್ಟು, ಆಗಾಗ ತಿನ್ನಲು ಅಲ್ಲಿಯೇ ಕೊಟ್ಟರೆ ಅದು ತನ್ನ ಜಾಗವೆಂದು ಒಪ್ಪಿಕೊಳ್ಳುತ್ತದೆ.

ಮೋಡ ಕವಿದ ಕೂಡಲೇ ಬೆಕ್ಕನ್ನು ಒಳಗೆ ಕರೆದು, ಸಂಜೆಯ ಅನ್ನ ಸ್ವಲ್ಪ ಬೇಗನೆ ಹಾಕಿ, ಬಾಗಿಲು ಕಿಟಕಿ ಮುಚ್ಚಿ. ಮೂಲೆಯಲ್ಲಿ ಮರಳು ತುಂಬಿದ ಬೋಗುಣಿ ಇಟ್ಟರೆ ಮಲಮೂತ್ರಕ್ಕೆಂದು ಮಳೆಗೆ ಹೋಗುವ ಕಷ್ಟ ತಪ್ಪುತ್ತದೆ. ಅವಿತ ಮೇಲೆ ಎಳೆಯಬಾರದು, ಗದರಬಾರದು, ಮಕ್ಕಳು ಸುತ್ತ ಗುಂಪುಗೂಡಬಾರದು. ತಾನಾಗಿ ಮಡಿಲಿಗೆ ಬಂದರೆ ಕೆನ್ನೆ, ಕುತ್ತಿಗೆ ಮೆಲ್ಲನೆ ಸವರಬಹುದು. ಮುದ್ದು ಮಾಡಿದರೆ ಹೆದರಿಕೆ ಹೆಚ್ಚುತ್ತದೆ ಎಂಬ ಮಾತುಂಟು. ಅದು ನಿಜವಲ್ಲ. ಬ್ಯಾಟರಿಯ ರೇಡಿಯೋ ಮೆಲ್ಲಗೆ ಹಾಡುತ್ತಿದ್ದರೆ ಹೊರಗಿನ ಸದ್ದು ತುಸು ಮರೆಯಾಗುತ್ತದೆ.

ಗುಡುಗಿಲ್ಲದ ಡಿಸೆಂಬರ್, ಜನವರಿಯಲ್ಲಿ ಅಭ್ಯಾಸ ಮಾಡಿಸಲೂಬಹುದು. ಫೋನಿನಲ್ಲಿ ಗುಡುಗಿನ ಸದ್ದನ್ನು ಕೇಳಿಯೂ ಕೇಳದಷ್ಟು ಸಣ್ಣದಾಗಿ ಹಾಕಿ, ಆ ಹೊತ್ತಿಗೆ ಅದಕ್ಕೆ ಇಷ್ಟವಾದ ಒಣಮೀನಿನ ಚೂರನ್ನೋ ಮೊಸರನ್ನದ ತುತ್ತನ್ನೋ ಕೊಡಬೇಕು. ವಾರಗಳು ಕಳೆದಂತೆ ಸದ್ದನ್ನು ಸ್ವಲ್ಪಸ್ವಲ್ಪವೇ ಏರಿಸಬೇಕು. ಕಿವಿ ಮಡಚಿತೋ, ಕಣ್ಣುಪಾಪೆ ಅಗಲವಾಯಿತೋ, ಅಂದಿಗೆ ನಿಲ್ಲಿಸಬೇಕು. ಅವಸರ ಸಲ್ಲದು.

ಮಾಡಬಾರದ್ದು

ಮುಖ್ಯವಾಗಿ ಹೇಳಬೇಕಾದ ಮಾತೊಂದಿದೆ. ಮನುಷ್ಯರ ಗುಳಿಗೆಯನ್ನು ಬೆಕ್ಕಿಗೆ ಕೊಡಲೇಬಾರದು. ನಮ್ಮ ಮನೆಗಳಲ್ಲಿ ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಗುಳಿಗೆ ಜೀವ ತೆಗೆದೀತು. ನೀಲಗಿರಿ ಎಣ್ಣೆ ಸವರುವುದೂ ಬೇಡ. ಗುಡುಗು ನಿಂತು ಒಂದು ದಿನ ಕಳೆದರೂ ಆಹಾರ ಮುಟ್ಟದಿದ್ದರೆ, ವಯಸ್ಸಾದ ಬೆಕ್ಕು ಹಿಂದಿಲ್ಲದ ಹಾಗೆ ಇದ್ದಕ್ಕಿದ್ದಂತೆ ಹೆದರತೊಡಗಿದರೆ, ಒಳಗೆ ಬೇರೆ ನೋವೋ ರೋಗವೋ ಇದ್ದೀತು. ಗಂಡು ಬೆಕ್ಕು ಮೂತ್ರಕ್ಕೆ ಕುಳಿತು ತಿಣುಕಿಯೂ ಆಗದಿದ್ದರೆ ಒಂದು ಗಳಿಗೆಯೂ ಕಾಯದೆ ಮೃಗಾಸ್ಪತ್ರೆಗೆ ಒಯ್ಯಬೇಕು. ವಿಪರೀತ ಹೆದರುವ ಬೆಕ್ಕಿಗೆ ಕೊಡುವ ಮದ್ದುಗಳಿವೆ, ಅದನ್ನು ತೂಕ ನೋಡಿ ಪಶುವೈದ್ಯರೇ ನಿರ್ಧರಿಸಬೇಕು.

ಇನ್ನೊಂದು ಮಾತು. ಬೆಕ್ಕು ಓಡಿಹೋಯಿತೆಂದು ಸಿಡಿಲಿನ ನಡುವೆ ಟಾರ್ಚು ಹಿಡಿದು ತೋಟಕ್ಕೆ ಇಳಿಯುವುದು ಸಾಹಸವಲ್ಲ, ಅವಿವೇಕ. ಮರ ಹತ್ತಿತೆಂದು ಕಬ್ಬಿಣದ ಅಥವಾ ಅಲ್ಯುಮಿನಿಯಂ ದೋಟಿ ಎತ್ತುವುದಂತೂ ಬೇಡವೇ ಬೇಡ. ಮಿಂಚು ಕಂಡು ಗುಡುಗು ಕೇಳಲು ಮೂರು ಸೆಕೆಂಡಾದರೆ ಸಿಡಿಲು ಒಂದೇ ಕಿಲೋಮೀಟರು ದೂರದಲ್ಲಿದೆ ಎಂದು ಲೆಕ್ಕ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾದ ಮೇಲೆ ಹೊರಡಿ. ಹೆಚ್ಚಿನ ಬೆಕ್ಕುಗಳು ದೂರ ಹೋಗಿರುವುದಿಲ್ಲ. ಸೌದೆರಾಶಿ, ಹಟ್ಟಿ, ನೆರೆಯವರ ಜಗಲಿ ಮೊದಲು ನೋಡಿ.

ನಾವು ಚಿಕ್ಕವರಿದ್ದಾಗ ಗುಡುಗಿದರೆ ಅರ್ಜುನನ ಹತ್ತು ಹೆಸರು ಹೇಳಬೇಕೆಂದು ಅಜ್ಜಿ ಕಲಿಸಿದ್ದರು. ಹೆಸರು ಹೇಳುತ್ತಿದ್ದುದು ಹೌದು, ಆದರೆ ಧೈರ್ಯ ಬರುತ್ತಿದ್ದುದು ಅವರ ಸೆರಗಿನೊಳಗೆ ಮುಖ ಹುದುಗಿಸಿದ ಮೇಲೆಯೇ. ಬೆಕ್ಕಿಗೆ ಅರ್ಜುನನ ಹೆಸರು ಬಾರದು. ಅದಕ್ಕೂ ಸೆರಗಿನಂತಹ ಒಂದು ಮರೆ ಬೇಕು, ಅಷ್ಟೆ. ನಮ್ಮ ಮಂಚದ ಅಡಿಯ ಪೆಟ್ಟಿಗೆಯಲ್ಲಿ ಈಗ ಅಜ್ಜಿಯ ಹಳೆಯ ನೂಲಿನ ಸೀರೆಯಿದೆ. ಗುಡುಗಿದರೆ ಬೊಳ್ಳಿ ಅಲ್ಲಿಗೆ ಹೋಗುತ್ತದೆ. ನಾವು ಎಳೆಯಲು ಹೋಗುವುದಿಲ್ಲ.